‘ಮೊದಲು ಕಂಡವನು ನಾನೇ’ ಅನ್ನುವ ಮುಂಚೆ

ಶಿವಮೊಗ್ಗ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಪೇರಲೆ ಎಲೆಯ ಅಡಿ, ಬಿಳಿ ಮೇಣದ ಪುಡಿ, ಅದರ ನಡುವೆ ನಾಲ್ಕೈದು ಬಿಳಿನೊಣ. ಕೆಳಗೆ ನಿನ್ನ ಸಾಲು: "ಅತ್ತೆ, ಇದು ಇಂಡಿಯಾಕ್ಕೇ ಹೊಸದು ಅನ್ಸುತ್ತೆ. ಇವತ್ತೇ ಎಲ್ರಿಗೂ ಹೇಳ್ಲಾ?" ಇವತ್ತು ಬೇಡ ಮಗಾ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಸರಿ ಸರಿ" ಅಂತೀಯ. ಅದಕ್ಕೇ ಈ ಕಾಗದ.

ನಿನಗೆ ಅನುಮಾನ ಬಂತಲ್ಲ, ಅದು ನನಗೆ ಖುಷಿ. ಹೊಲಕ್ಕೆ ಹೋದವರೆಲ್ಲ ಹುಳ ನೋಡುತ್ತಾರೆ. "ಇದ್ಯಾಕೋ ನಮ್ಮ ಕಡೆಯದಲ್ಲ" ಅಂತ ನಿಂತು ಇನ್ನೊಮ್ಮೆ ನೋಡುವವರು ಕಡಿಮೆ. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲೇ ಆದದ್ದು ಇದೇ ಅಲ್ವಾ? ಮೆಕ್ಕೆಜೋಳದ ಸುಳಿಯೊಳಗೆ ಒಂದು ಹುಳ. ಎಲೆ ಹರಿದು ತೂತು, ಸುಳಿಯ ತುಂಬ ಮರದ ಹೊಟ್ಟಿನಂಥ ಹಿಕ್ಕೆ. ಇಲ್ಲಿ ಮೆಕ್ಕೆಜೋಳಕ್ಕೆ ಕಾಂಡಕೊರಕ ಬರುತ್ತದೆ, ಊರಿನ ಹಳೇ ಸೈನಿಕ ಹುಳು ಬರುತ್ತದೆ, ಹೊಗೆಸೊಪ್ಪಿನ ಹುಳವೂ ಒಮ್ಮೊಮ್ಮೆ ಬರುತ್ತದೆ. ಅವುಗಳಲ್ಲೇ ಒಂದು ಅಂತ ಔಷಧಿ ಬರೆದುಕೊಟ್ಟು ಕಳಿಸುವುದು ಬಹಳ ಸುಲಭವಿತ್ತು. ಇಲಾಖೆಯಲ್ಲಿ ಕೆಲಸ ಮಾಡಿದವಳು ನಾನು, ಅದು ಎಷ್ಟು ಸುಲಭ ಅಂತ ಗೊತ್ತು.

ಇಲ್ಲೇ ನವಿಲೆಯ ಕೃಷಿ ಕಾಲೇಜಿನಲ್ಲಿ ಡಾ. ಶರಣಬಸಪ್ಪ, ಡಾ. ಕಲ್ಲೇಶ್ವರಸ್ವಾಮಿ ಮತ್ತು ಅವರ ಜೊತೆಯವರು ಹಾಗೆ ಮಾಡಲಿಲ್ಲ. ಆ ಹುಳದ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಬಿಳಿ ಗೆರೆ ಇರುತ್ತದೆ. ಬಾಲದ ಹತ್ತಿರ, ಹೊಟ್ಟೆಯ ಎಂಟನೇ ಉಂಗುರದ ಮೇಲೆ, ನಾಲ್ಕು ಕಪ್ಪು ಚುಕ್ಕೆ ಚೌಕವಾಗಿ ಕೂತಿರುತ್ತವೆ. ಅವರು ಡಿಎನ್‌ಎಯನ್ನೂ ಹೋಲಿಸಿ ನೋಡಿದರು. ಅದು ಅಮೆರಿಕ ಖಂಡಗಳ ಬಿಸಿ ಪ್ರದೇಶದ ಸ್ಪೊಡಾಪ್ಟೆರಾ ಫ್ರುಜಿಪರ್ಡಾ. ನಾವೀಗ ಫಾಲ್ ಸೈನಿಕ ಹುಳು ಅನ್ನುತ್ತೇವಲ್ಲ, ಅದೇ. 2016ರಲ್ಲಿ ಆಫ್ರಿಕಾದಲ್ಲಿ ಮೊದಲು ಕಾಣಿಸಿಕೊಂಡಿತ್ತು. ಭಾರತದಲ್ಲಿ ಮಾತ್ರವಲ್ಲ, ಏಷ್ಯಾದಲ್ಲೇ ಅದರ ಮೊದಲ ದಾಖಲೆ ನಮ್ಮ ಜಿಲ್ಲೆಯದು.

ನೀನು ಗಮನಿಸಬೇಕಾದದ್ದು ಇದರ ನಂತರದ ಭಾಗ. ಜುಲೈ ಹೊತ್ತಿಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಚಿಕ್ಕಬಳ್ಳಾಪುರದ ಮೆಕ್ಕೆಜೋಳದಲ್ಲೂ ಅದನ್ನು ಕಂಡರು. ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟರು. ಪತಂಗ ಒಂದೇ ರಾತ್ರಿ ಗಾಳಿ ಹಿಡಿದು ನೂರು ಕಿಲೋಮೀಟರ್ ಹಾರಬಲ್ಲದು. ಹೆಣ್ಣೊಂದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. 2019ರ ಜನವರಿಗೆ ಚೀನಾ ತಲುಪಿತ್ತು, 2020ರಲ್ಲಿ ಆಸ್ಟ್ರೇಲಿಯಾ. ತಡೆಯಲು ಆಗಲಿಲ್ಲ, ನಿಜ. ಆದರೆ ಹೆಸರು ಗೊತ್ತಾದ ಕೂಡಲೇ ಏನು ಮಾಡಬೇಕು ಅಂತ ಬೇರೆ ದೇಶಗಳ ಅನುಭವದಿಂದ ಗೊತ್ತಾಯಿತು. ಅದರ ಮೊಟ್ಟೆ ತಿನ್ನುವ ಕಣಜ, ಅದನ್ನು ಕೊಲ್ಲುವ ಶಿಲೀಂಧ್ರ ನಮ್ಮ ಹೊಲಗಳಲ್ಲೇ ಇವೆಯಾ ಅಂತ ಹುಡುಕಲು ಶುರು ಮಾಡಿದರು. ಇದ್ದವು ಕೂಡ. ಹೆಸರು ತಪ್ಪಿದ್ದರೆ ಹುಡುಕಾಟವೂ ಬೇರೆ ದಿಕ್ಕಿಗೆ ಹೋಗುತ್ತಿತ್ತು.

ಹಾಗಾಗಿ ನಾನು ಹೇಳುವುದು ಎರಡು ಕಡೆ ಎಳೆಯುವ ಮಾತು. ಖಾತ್ರಿಯಾಗದೆ ಬಾಯಿ ಬಿಡಬೇಡ. ಖಾತ್ರಿಯಾಗಲಿ ಅಂತ ಸುಮ್ನೆ ಕೂರಲೂ ಬೇಡ. ನಾಳೆ ಬೆಳಿಗ್ಗೆಯೇ ನಿನ್ನ ಗೈಡ್‌ಗೆ ತೋರಿಸು. ಊರಿಗೆಲ್ಲ ಸಾರುವುದು ಬೇರೆ, ತಿಳಿದವರ ಕಿವಿಗೆ ಹಾಕುವುದು ಬೇರೆ.

ಈಗ ನಿನ್ನ ಬಿಳಿನೊಣಕ್ಕೆ ಬರೋಣ. ನಿನ್ನ ಫೋಟೊದಲ್ಲಿ ಇರುವುದೆಲ್ಲ ರೆಕ್ಕೆ ಬಂದ ನೊಣಗಳು. ಅವುಗಳಿಂದ ಜಾತಿ ಹೇಳುವುದು ಕಷ್ಟ, ಬಿಳಿಯಾಗಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಳಿನೊಣ ಬಲ್ಲವರು ನೋಡುವುದು ಎಲೆಗೆ ಅಂಟಿಕೊಂಡ ಕೊನೆಯ ಮರಿ ಹಂತವನ್ನು. ಪ್ಯುಪೇರಿಯಮ್ ಅಂತ ನಿನಗೇ ಪಾಠ ಆಗಿರಬೇಕು. ಅದರ ಬೆನ್ನಿನ ರಂಧ್ರ, ಅಂಚು, ಮೇಣ ಸುರಿಸುವ ಗ್ರಂಥಿ, ಇವನ್ನು ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡದೆ ಯಾರೂ ಹೆಸರು ಹೇಳುವುದಿಲ್ಲ. ಹೇಳಿದರೆ ಅವರನ್ನು ನಂಬಬೇಡ.

ಪೇರಲೆ ಗಿಡದ ವಿಷಯದಲ್ಲಿ ಇನ್ನೊಂದು ಹುಷಾರು ಬೇಕು. ಸುರುಳಿ ಬಿಳಿನೊಣ ಅಂತ ಒಂದು ಇದೆ. 1990ರ ದಶಕದಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ದಕ್ಷಿಣ ಭಾರತವೆಲ್ಲ ಹರಡಿತು. ಪೇರಲೆ ಅಂದರೆ ಅದಕ್ಕೆ ಪ್ರಾಣ. ಆಮೇಲೆ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ ಅದರ ದಾಯಾದಿ ಸಿಕ್ಕಿತು, ರುಗೋಸ್ ಸುರುಳಿ ಬಿಳಿನೊಣ. ನಮ್ಮ ತೆಂಗು ಬೆಳೆಗಾರರಿಗೆ ಅದರ ಕಾಟ ಹೇಳಿಕೊಡಬೇಕಿಲ್ಲ, ಎಲೆಯೆಲ್ಲ ಕಪ್ಪು ಮಸಿ. ಅದನ್ನು ನೋಡುತ್ತಾ ಹೋದವರಿಗೆ ಒಂದೆರಡು ವರ್ಷದಲ್ಲಿ ತೆಂಗಿನಲ್ಲೇ ಇನ್ನೂ ಸಣ್ಣ ಬಿಳಿನೊಣಗಳು ಕಂಡವು, ಮೇಣದ ಗೂಡು ಕಟ್ಟಿಕೊಂಡು ಕೂರುವಂಥವು. ಅವೂ ದೇಶಕ್ಕೆ ಹೊಸವೇ. ಒಂದು ಗರಿಯ ಮೇಲೆ ಎರಡು ಮೂರು ಜಾತಿ ಒಟ್ಟಿಗೆ ಇರಬಹುದು. ನೀನು ಫೋಟೊ ತೆಗೆದದ್ದು ಒಂದು ಜಾತಿ, ಸೀಸೆಗೆ ಹಾಕಿದ್ದು ಇನ್ನೊಂದು ಆಗಿಬಿಟ್ಟರೆ?

ಅದಕ್ಕೇ ಎಲೆಯ ಸಮೇತ ತೆಗೆದುಕೋ. ಒಂದಿಷ್ಟನ್ನು ಎಲೆಯ ಜೊತೆ ಕಾಗದದ ಮಡಿಕೆಯಲ್ಲಿ ಒಣಗಿಸು. ಒಂದಿಷ್ಟನ್ನು 70 ಪರ್ಸೆಂಟ್ ಆಲ್ಕೋಹಾಲಿನಲ್ಲಿಡು. ಡಿಎನ್‌ಎಗೆ ಬೇಕಾದದ್ದನ್ನು 95ಕ್ಕಿಂತ ಕಡಿಮೆ ಇರದ ಆಲ್ಕೋಹಾಲಿನಲ್ಲಿ ಹಾಕಿ ಫ್ರಿಜ್‌ನಲ್ಲಿಡು, ಹಾಸ್ಟೆಲಿನ ಫ್ರಿಜ್ ಅಲ್ಲ, ಲ್ಯಾಬಿನದು. ಚೀಟಿ ಸೀಸೆಯ ಒಳಗೇ ಇರಲಿ, ಪೆನ್ಸಿಲಿನಲ್ಲಿ ಬರೆ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಊರು, ತಾರೀಕು, ಗಿಡ, ಹಿಡಿದವರ ಹೆಸರು, ಇಷ್ಟಿಲ್ಲದಿದ್ದರೆ ಎಷ್ಟೇ ಅಪರೂಪದ ಹುಳವಾದರೂ ಮ್ಯೂಸಿಯಮ್ಮಿನವರಿಗೆ ಅದು ಕಸ.

ಖಾಲಿ ಪ್ಯುಪೇರಿಯಮ್ ಬಿಸಾಡಬೇಡ. ಮೇಲೆ ಟಿ ಅಕ್ಷರದ ಸೀಳಿದ್ದರೆ ಅದರಿಂದ ಬಿಳಿನೊಣ ಹೊರಟಿದೆ. ದುಂಡನೆ ತೂತಿದ್ದರೆ ಹೊರಟದ್ದು ಕಣಜ, ಒಳಗೆ ಬೆಳೆದು ಬಿಳಿನೊಣವನ್ನು ತಿಂದು ಬಂದದ್ದು. ರುಗೋಸ್ ನೊಣವನ್ನು ಎಷ್ಟೋ ಕಡೆ ಹತೋಟಿಗೆ ತಂದದ್ದು ಎನ್ಕಾರ್ಸಿಯಾ ಗ್ವಾಡೆಲೂಪೇ ಅನ್ನುವ ಇಂಥದೇ ಪುಟ್ಟ ಕಣಜ. ಯಾರೂ ತರಿಸಿದ್ದಲ್ಲ, ಹಳೇ ಸುರುಳಿ ಬಿಳಿನೊಣದ ಕಾಲದಲ್ಲೇ ತಾನಾಗಿ ಬಂದು ಸೇರಿಕೊಂಡಿತ್ತು. ಹೊಸ ಹುಳದ ಮೇಲೂ ಅದು ಕೂತಿದೆ ಅಂತ ಗೊತ್ತಾದ ಮೇಲೆ ವಿಷ ಹೊಡೆಯಬೇಡಿ ಅಂತ ರೈತರಿಗೆ ಹೇಳಲು ಧೈರ್ಯ ಬಂತು. ನನ್ನ ಲೆಕ್ಕದಲ್ಲಿ ದುಂಡು ತೂತು ಕಂಡವನೂ ನೊಣ ಕಂಡವನಷ್ಟೇ ದೊಡ್ಡವನು.

ಡಿಎನ್‌ಎ ಒಂದೇ ಸಾಕು ಅಂತ ನಿನ್ನ ಗೆಳೆಯರು ಹೇಳಬಹುದು. ಸಾಲದು. ಜಗತ್ತಿನ ಡೇಟಾಬೇಸಿನಲ್ಲಿ ತಪ್ಪು ಹೆಸರಿನಲ್ಲಿ ಹಾಕಿಟ್ಟ ಡಿಎನ್‌ಎ ಅನುಕ್ರಮಗಳೂ ಇವೆ. ನಿನ್ನದು ಅದಕ್ಕೆ ಹೊಂದಿಕೊಂಡರೆ ಅವರ ತಪ್ಪು ನಿನ್ನದಾಗುತ್ತದೆ. ಹಳೇ ಪುಸ್ತಕವನ್ನೂ ನೋಡು. ಒಂದೇ ಹುಳಕ್ಕೆ ನೂರು ವರ್ಷದಲ್ಲಿ ಮೂರು ಹೆಸರು ಬದಲಾಗಿರುತ್ತದೆ. ಈಗಿನ ಹೆಸರಿನಲ್ಲಿ ಭಾರತದ ದಾಖಲೆ ಸಿಗದಿದ್ದರೂ ಹಳೇ ಹೆಸರಿನಲ್ಲಿ ಯಾರೋ ಬ್ರಿಟಿಷರ ಕಾಲದಲ್ಲೇ ಬರೆದಿಟ್ಟಿರಬಹುದು. ಬ್ಯೂರೋದ ರಾಷ್ಟ್ರೀಯ ಕೀಟ ಮ್ಯೂಸಿಯಂ ನೀನಿರುವ ಬೆಂಗಳೂರಲ್ಲೇ ಇದೆ. ಕೊನೆಗೆ ನಿನ್ನ ಮಾದರಿಗಳು ಅಂಥ ಕಡೆ ಸೇರಬೇಕು, ನಿನ್ನ ಟ್ರಂಕಿನಲ್ಲಲ್ಲ.

ಪರದೇಶದ ತಜ್ಞರೊಬ್ಬರು "ಕಳಿಸು, ಹೆಸರು ಹೇಳುತ್ತೇನೆ" ಅಂದರೆ ಗೈಡ್‌ಗೆ ಹೇಳದೆ ಪಾರ್ಸೆಲ್ ಮಾಡಬೇಡ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಅನುಮತಿಯ ಮಾತಿದೆ. ಅದಕ್ಕಿಂತ ಮುಖ್ಯ, ಜೀವಂತ ಹುಳ ಹಿಡಿದು ಬಸ್ಸು ಹತ್ತಬೇಡ. ದಸರಾ ರಜೆಗೆ ಬರುವಾಗ ಅತ್ತೆಗೆ ತೋರಿಸೋಣ ಅಂತ ಆ ರೆಂಬೆ ಇಲ್ಲಿಗೆ ತಂದರೆ ನಮ್ಮ ಹಿತ್ತಲಿನ ಪೇರಲೆಗೂ ಅದನ್ನು ನೀನೇ ಹಚ್ಚಿದಂತೆ.

ಇನ್ನು ಹೆಸರಿನ ವಿಷಯ. ನಿನ್ನ ಬರಹದಲ್ಲಿ ಆಸೆ ಕಾಣುತ್ತಿದೆ, ತಪ್ಪಲ್ಲ, ವಯಸ್ಸೇ ಅಂಥದ್ದು. ಆದರೆ ಹುಳ ಬಂದ ದಿನ ಬೇರೆ, ನಾವು ಕಂಡ ದಿನ ಬೇರೆ. ನಿನಗಿಂತ ಮೊದಲು ಆ ಗಿಡಕ್ಕೆ ನೀರು ಹಾಕುವ ಮಾಲಿ ನೋಡಿರುತ್ತಾನೆ. ಅವನನ್ನು ಕೇಳು, ಯಾವಾಗಿನಿಂದ ಇದೆ, ಪಕ್ಕದ ಗಿಡದಲ್ಲೂ ಇದೆಯಾ ಅಂತ. ಬರೆಯುವಾಗ ಅವನನ್ನು ನೆನೆ.

ಸಣ್ಣ ಟಿಪ್ಪಣಿಯಾಗಿ ಬಂದರೆ ಬೇಜಾರು ಮಾಡಿಕೊಳ್ಳಬೇಡ. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನುವ ನುಸಿ ಭಾರತದಲ್ಲಿ ಮೊದಲ ಸಲ ದಾಖಲಾಯಿತು. ಆಗ ಯಾವ ರೈತನೂ ಅದರ ಹೆಸರು ಕೇಳಿರಲಿಲ್ಲ. 2021ರಲ್ಲಿ ಅದೇ ನುಸಿ ಆಂಧ್ರ, ತೆಲಂಗಾಣ, ನಮ್ಮ ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿ ಹೂವನ್ನೆಲ್ಲ ಉದುರಿಸಿತು. ಇದ್ಯಾವುದು ಅಂತ ಎಲ್ಲರೂ ಕೇಳಿದಾಗ ತೆಗೆದು ನೋಡಲು ಆ ಟಿಪ್ಪಣಿ ಇತ್ತು.

ಸ್ಲೈಡ್ ಮಾಡಿದ ಮೇಲೆ ಮೈಕ್ರೋಸ್ಕೋಪಿನ ಫೋಟೊ ಕಳಿಸು, ಪಕ್ಕದಲ್ಲಿ ಅಳತೆಯ ಗೆರೆ ಇರಲಿ. ಹಳೇ ಸುರುಳಿ ಬಿಳಿನೊಣವೇ ಅಂತಾದರೂ ಕಳಿಸು. ಅಮ್ಮನಿಗೆ ಫೋನ್ ಮಾಡು, ನೀನು ಮಾಡುತ್ತಿಲ್ಲ ಅಂತ ದೂರು ಬಂದಿದೆ.

ಇಂತಿ,
ನಿನ್ನ ಅತ್ತೆ