ಬೆಟಗೇರಿ ಮಗ್ಗದ ಫೋಟೊ ಕೆಲಸ: ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ದುಡ್ಡು ಕೊಟ್ಟು ಮಾಡಿಸುವ ಮೊದಲ ಕಪ್ಪು-ಬಿಳುಪು ಕೆಲಸ ನಮ್ಮ ಗುಂಪಿಗೆ ಬಂದಿದೆ. ಬೆಟಗೇರಿಯ ಒಂದು ನೇಕಾರರ ಮನೆ. ಅಜ್ಜ ಮಗ್ಗದಲ್ಲಿ ಕೂತು ನೇಯುವಾಗಲೇ ತೆಗೆಯಬೇಕಂತೆ. ಭಾನುವಾರ ಬೆಳಿಗ್ಗೆ 7ಕ್ಕೆ ಸೇರೋಣ.

ಕ್ಯಾಮೆರಾ ಮೊನೊಕ್ರೋಮ್‌ನಲ್ಲಿರಲಿ, ಫೈಲ್ ಮಾತ್ರ ರಾ (RAW, ಕ್ಯಾಮೆರಾ ಹಿಡಿದದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಫೈಲ್). ಪರದೆ ಮೇಲೆ ಕಪ್ಪು-ಬಿಳುಪು ಕಂಡರೂ ಬಣ್ಣ ಒಳಗೇ ಉಳಿಯುತ್ತದೆ. ಇದು ಬೇಕೇ ಬೇಕು. ಮಗ್ಗದ ಮೇಲಿರುವುದು ಕೆಂಪು ಸೀರೆ, ಹಸಿರು ಅಂಚು. ಸುಮ್ನೆ ಬಣ್ಣ ತೆಗೆದರೆ ಎರಡೂ ಹೆಚ್ಚುಕಮ್ಮಿ ಒಂದೇ ಬೂದು, ಅಂಚೇ ಮಾಯ! ಆಮೇಲೆ ಕಂಪ್ಯೂಟರ್‌ನಲ್ಲಿ ಕೆಂಪನ್ನು ತಿಳಿ ಮಾಡಿ, ಹಸಿರನ್ನು ಕಪ್ಪಾಗಿಸಿದರೆ ಅಂಚು ಎದ್ದು ಕಾಣುತ್ತದೆ.

ಕುಣಿಮಗ್ಗ ಅಲ್ವಾ, ಅಜ್ಜನ ಕಾಲು ಕುಣಿಯೊಳಗೆ, ಕತ್ತಲಲ್ಲಿ. ಬೆಳಕು ಒಂದೇ ಕಿಟಕಿಯಿಂದ. ಫ್ಲ್ಯಾಶ್ ಬೇಡ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿ, ಫೋಟೊದಲ್ಲಿ ಸ್ವಲ್ಪ ಕಾಳು ಕಾಳಾಗಿ ಚುಕ್ಕಿ ಬಂದರೆ ಬರಲಿ, ನನಗಂತೂ ಅದೇ ಇಷ್ಟ. ಶಟರ್ 1/30 ಸೆಕೆಂಡ್ ಇಟ್ಟರೆ ಅತ್ತಿತ್ತ ನೂಲು ಒಯ್ಯುವ ಲಾಳಿ ಗೆರೆಯಾಗಿ ಓಡುತ್ತದೆ, ಮುಖ ಮಾತ್ರ ನಿಂತಿರುತ್ತದೆ.

ಅರ್ಧ ದುಡ್ಡು ಮುಂಗಡ ಬಂದಿದೆ. ಎಷ್ಟು ಪ್ರಿಂಟ್, ಯಾವ ಸೈಜ್ ಅಂತ ಬರೆದುಕೊಂಡಾಗಿದೆ. ಆ ಮನೆಯವರನ್ನು ಕೇಳದೆ ಯಾರೂ ಸ್ಟೇಟಸ್‌ಗೆ ಹಾಕಬೇಡಿ. ಮನೆ ಚಿಕ್ಕದು, ಮೂವರಿಗಿಂತ ಜಾಸ್ತಿ ಬೇಡ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೇಳಿ.