ಬತ್ತೇರಿಗೆ ಸಿಮೆಂಟು ಬೇಡ: ದಕ್ಷಿಣ ಕನ್ನಡದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಕೆಲವರು ಕೋಟೆ ಎನ್ನುತ್ತಾರೆ, ಕೆಲವರು ಕಾವಲು ಗೋಪುರ ಎನ್ನುತ್ತಾರೆ. ಬತ್ತೇರಿ (ಬ್ಯಾಟರಿ) ಎಂಬ ಹೆಸರೇ ಹೇಳುವಂತೆ ಅದು ಫಿರಂಗಿ ಹೂಡುವ ಕಟ್ಟೆ. ಗೋಡೆಯಲ್ಲಿ ಫಿರಂಗಿ ಕಿಂಡಿಗಳು, ಕೆಳಗೆ ಮದ್ದು ಇಡುವ ನೆಲಮಾಳಿಗೆ.

1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷ್ ಪಡೆ ಮಂಗಳೂರನ್ನು ಹಿಡಿಯಿತು. ಹೈದರಾಲಿ ಕೆಲವೇ ತಿಂಗಳಲ್ಲಿ ಬಿಡಿಸಿಕೊಂಡ. 1783ರಲ್ಲಿ ಊರು ಮತ್ತೆ ಕೈತಪ್ಪಿತು. ಟಿಪ್ಪು ಮೇ ತಿಂಗಳಿಂದ ಮುತ್ತಿಗೆ ಹಾಕಿ, ಮಳೆಗಾಲವನ್ನೂ ಕಳೆದು, 1784ರ ಜನವರಿ ಕೊನೆಗೆ ಮಂಗಳೂರಿನ ಕೋಟೆ ಗೆದ್ದ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದವಾಯಿತು. ಹದಿನೈದು ವರ್ಷದಲ್ಲಿ ಎರಡು ಸಲ ಬಂದರು ಕಳೆದುಕೊಂಡ ಮೇಲೆ, ಯುದ್ಧದ ಹಡಗು ಗುರುಪುರ ನದಿಗೆ ನುಗ್ಗದಿರಲೆಂದು ಅದೇ ವರ್ಷ ಎದ್ದದ್ದು ಈ ಬತ್ತೇರಿ. ಸ್ಥಳದ ಫಲಕದಲ್ಲಿ ಇಷ್ಟನ್ನಾದರೂ ಬರೆಯಿಸಿ.

ನಮ್ಮ ಮುಖ್ಯ ಕೋರಿಕೆ ಗಾರೆಯದ್ದು. ಇಂಥ ಹಳೆಯ ಕಟ್ಟೆಯ ಸಂದಿಗೆ ಸಿಮೆಂಟು ತುಂಬಿದರೆ ಒಳಗಿಳಿದ ಮಳೆನೀರು ಸಂದಿನಿಂದ ಆರಲಾರದು, ಕಲ್ಲಿನ ಮೂಲಕ ಆರುತ್ತದೆ. ಅಳಿವೆ ಗಾಳಿಯ ಉಪ್ಪು ಕಲ್ಲಿನೊಳಗೇ ಹರಳುಗಟ್ಟಿ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಸಿಮೆಂಟು ಮಾತ್ರ ಹಾಗೇ ಉಳಿದಿರುತ್ತದೆ! ಸುಣ್ಣದ ಗಾರೆಯಾದರೆ ತಾನು ಸವೆದು ಕಲ್ಲನ್ನು ಉಳಿಸುತ್ತದೆ.

ಸುಣ್ಣವನ್ನು ಅರಳಿಸಿ ಕನಿಷ್ಠ ಮೂರು ವಾರ ನೀರಿನಡಿ ಕೊಳೆಹಾಕಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಅಳಿವೆಯ ಮರಳಾದರೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದೇ ಬಳಸಬೇಕು. ಸಂದಿನ ಅಗಲದ ಎರಡರಷ್ಟು ಆಳ ಕೆರೆದು, ನೀರು ಚಿಮುಕಿಸಿ, ತುಂಬಿ, ಒದ್ದೆ ಗೋಣಿ ಹೊದಿಸಬೇಕು. ಸಂದಿಯಲ್ಲಿ ಬೇರೂರಿದ ಗೋಳಿ, ಅಶ್ವತ್ಥದ ಗಿಡವನ್ನು ಎಳೆದು ಕಿತ್ತರೆ ಕಲ್ಲೂ ಜೊತೆಗೇ ಬರುತ್ತದೆ. ಬುಡ ಕತ್ತರಿಸಿ, ಬೇರನ್ನು ಕೊಂದು, ಆಮೇಲೆ ಆ ಜಾಗ ತುಂಬಬೇಕು. ಮೇಲ್ಗಟ್ಟೆಯ ಇಳಿಜಾರು ಸರಿಯಿಲ್ಲದಿದ್ದರೆ ನೀರೆಲ್ಲ ನೆಲಮಾಳಿಗೆಗೆ.

ಕಾನೂನಿನ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆದರೆ ಕಿಂಡಿಯಿಂದ ನದಿ ಕಾಣದಂತೆ ದಂಡೆಯಲ್ಲಿ ಏನಾದರೂ ಎದ್ದರೆ ಬತ್ತೇರಿ ಅಲ್ಲೇಕಿದೆ ಎಂಬುದೇ ಯಾರಿಗೂ ತಿಳಿಯದು. ನದಿ ಕಡೆಯ ನೋಟವನ್ನು ಬೇರೆಯಾಗಿಯೇ ಕಾಯಬೇಕು.

ಮಾರ್ಚ್ ಕೊನೆಗೆ ಬಿಲ್ಲು ಮುಗಿಸುವ ಅವಸರದಲ್ಲಿ ಸುಣ್ಣದ ಕೆಲಸ ಆಗದು. ಹಸಿ ಗಾರೆ ಜೂನಿನ ಮಳೆಗೆ ತೊಳೆದುಹೋಗುತ್ತದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಟೆಂಡರು ಸೆಪ್ಟೆಂಬರಿನೊಳಗೆ ಮುಗಿಯುವಂತೆ ನೋಡಿಕೊಳ್ಳಿ. ನವೆಂಬರಿಗೆ ಸುಣ್ಣ ಹದಕ್ಕೆ ಬಂದಿರುತ್ತದೆ.

ಇತಿ,
ಕರಾವಳಿಯ ಹಳೆಯ ಕಟ್ಟಡಗಳ ಆಸಕ್ತರು