ಆಯಿಲರ್ಸ್ ಹುಡುಗರಿಗೆ ಎಡ್ಮಂಟನ್ನಿನ ಕನ್ನಡತಿಯ ಥ್ಯಾಂಕ್ಸ್

2024ರ ಜೂನ್ 24. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನ ಫೈನಲ್‌ನ ಏಳನೇ, ಅಂದರೆ ಕೊನೆಯ ಪಂದ್ಯವನ್ನು ಫ್ಲೋರಿಡಾ ಪ್ಯಾಂಥರ್ಸ್ 2-1ರಿಂದ ಗೆದ್ದು ಸ್ಟಾನ್ಲಿ ಕಪ್ ಎತ್ತಿದರು. ನಮ್ಮವರು, ಅಂದರೆ ಕೆನಡಾದ ಎಡ್ಮಂಟನ್ ಆಯಿಲರ್ಸ್, ಸೋತರು. ಬೇಜಾರು ಜಾಸ್ತಿಯೇ ಇದೆ. ಆದರೂ ಥ್ಯಾಂಕ್ಸ್ ಹೇಳದೆ ಇರಲಾರೆ.

ಮೊದಲ ಮೂರು ಪಂದ್ಯ ಸೋತಾಗ ಎಲ್ಲ ಮುಗಿಯಿತು ಅಂದುಕೊಂಡವರೇ ಹೆಚ್ಚು. ಫೈನಲ್‌ನಲ್ಲಿ 0-3ರಿಂದ ಎದ್ದು ಬಂದು ಕಪ್ ಗೆದ್ದದ್ದು 1942ರ ಟೊರೊಂಟೊ ತಂಡವೊಂದೇ. ಅಂಥದ್ದರಲ್ಲಿ ನೀವು ನಾಲ್ಕನೇ ಪಂದ್ಯದಲ್ಲಿ 8-1 ಬಾರಿಸಿದಿರಿ! ಐದನೆಯದನ್ನು ಅವರ ಊರಿನಲ್ಲೇ 5-3ರಿಂದ, ಆರನೆಯದನ್ನು ಇಲ್ಲಿ 5-1ರಿಂದ ಗೆದ್ದಿರಿ. ಆ ದಿನಗಳಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ, ಗುರುತಿಲ್ಲದವರೂ ನಿಂತು ಮಾತಾಡಿಸಿದರು. ನನ್ನಂಥ ಹೊರಗಿನಿಂದ ಬಂದವಳಿಗೆ ಅದೆಷ್ಟು ದೊಡ್ಡದು ಅಂತ ನಿಮಗೆ ಗೊತ್ತಾಗಬೇಕು.

ಕೋಚ್ ನಾಬ್ಲಾಕ್ ಅವರೇ, ನವೆಂಬರ್‌ನಲ್ಲಿ ನೀವು ಬಂದಾಗ ತಂಡ 13 ಪಂದ್ಯಗಳಲ್ಲಿ ಗೆದ್ದಿದ್ದು ಮೂರೇ ಮೂರು. ಆಮೇಲೆ ಅದೇ ಹುಡುಗರು ಸತತ 16 ಪಂದ್ಯ ಗೆದ್ದರು. ಗೋಲ್‌ಕೀಪರ್ ಸ್ಕಿನ್ನರ್, ನೀವು ಇದೇ ಊರಿನ ಮಗ. ನಿಮ್ಮ ಮೇಲಿದ್ದ ಭಾರ ಬೇರೆ ಯಾರ ಮೇಲೂ ಇರಲಿಲ್ಲ. ಕಾನರ್ ಮೆಕ್‌ಡೇವಿಡ್, ಪ್ಲೇಆಫ್‌ನಲ್ಲಿ, ಅಂದರೆ ಕಪ್‌ಗಾಗಿ ನಡೆಯುವ ನಾಕೌಟ್ ಸುತ್ತುಗಳಲ್ಲಿ, ಗೋಲು-ಅಸಿಸ್ಟ್ ಸೇರಿ 42 ಪಾಯಿಂಟ್, ಅದರಲ್ಲಿ 34 ಅಸಿಸ್ಟ್ (ಬೇರೆಯವರ ಗೋಲಿಗೆ ನೆರವಾದ ಪಾಸ್). ಸೋತ ತಂಡದಲ್ಲಿದ್ದೂ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ನಿಮ್ಮದಾಯಿತು. ಅದನ್ನು ತೆಗೆದುಕೊಳ್ಳಲು ನೀವು ಹೊರಗೆ ಬರಲಿಲ್ಲ. ಅದು ಸರಿಯೇ ಅನಿಸಿತು ನನಗೆ. ಆ ಹೊತ್ತಿನಲ್ಲಿ ಬೇಕಿದ್ದದ್ದು ಬೇರೆಯದೇ ಕಪ್ ಅಲ್ವಾ?

ಪಕ್ಕದ ಮನೆಯ ಅಜ್ಜಿಗೂ ಥ್ಯಾಂಕ್ಸ್. 1984ರಿಂದ 1990ರವರೆಗೆ ಆಯಿಲರ್ಸ್ ಗೆದ್ದ ಐದೂ ಕಪ್‌ಗಳನ್ನು ಕಂಡವರು ಅವರು. ಆಫ್‌ಸೈಡ್, ಐಸಿಂಗ್, ಪವರ್ ಪ್ಲೇ ಅಂತ ಆಟದ ನಿಯಮಗಳೆಲ್ಲವನ್ನೂ ಚಹಾ ಕುಡಿಯುತ್ತಾ ನನಗೆ ಹೇಳಿಕೊಟ್ಟರು. ಕೆನಡಾದ ತಂಡವೊಂದು ಕಪ್ ಗೆದ್ದದ್ದು 1993ಕ್ಕೇ ಕೊನೆಯಾಯಿತು, ಅದೂ ಮಾಂಟ್ರಿಯಲ್ ಅಂತ ಅವರು ಹೇಳುವಾಗ ಮುಖದಲ್ಲಿದ್ದ ಆಸೆ ನೋಡಬೇಕಿತ್ತು.

ಮೈಸೂರಿನಲ್ಲಿರುವ ತಮ್ಮನಿಗೂ. ಇಲ್ಲಿ ಸಂಜೆ 6ಕ್ಕೆ ಪಂದ್ಯ ಶುರುವಾದರೆ ಅಲ್ಲಿ ಬೆಳಿಗ್ಗೆ 5:30. ಹಾಕಿಯ ಗಂಧವಿಲ್ಲದಿದ್ದರೂ ಅಕ್ಕನಿಗೋಸ್ಕರ ಎದ್ದು ಕೂತು ಮೆಸೇಜ್ ಮಾಡಿದ.

ಪಂದ್ಯ ಫ್ಲೋರಿಡಾದಲ್ಲಿದ್ದರೂ ಇಲ್ಲಿನ ನಮ್ಮ ತಂಡದ ಕ್ರೀಡಾಂಗಣ ರೋಜರ್ಸ್ ಪ್ಲೇಸ್ ತೆರೆದು ದೊಡ್ಡ ಪರದೆಯಲ್ಲಿ ತೋರಿಸಿದವರಿಗೆ, ರಾತ್ರಿ ರೈಲು ಓಡಿಸಿದವರಿಗೆ, ಬೆಳಗಾಗುವುದರೊಳಗೆ ಬೀದಿ ಗುಡಿಸಿದವರಿಗೆ ವಂದನೆ. ಹುಡುಗರೇ, ಚೆನ್ನಾಗಿ ನಿದ್ದೆ ಮಾಡಿ, ಗಾಯ ವಾಸಿ ಮಾಡಿಕೊಳ್ಳಿ. ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾದಾಗ ನಾವೆಲ್ಲ ಕಿತ್ತಳೆ ಬಣ್ಣದ ಜೆರ್ಸಿ ಹಾಕಿಕೊಂಡು ಬರುತ್ತೇವೆ.